ದನಿಯ ಬಾಡಿಗೆ

ಟೈಲರ್‌ಗೆ ಜಗಳವಾಡಿ ಗೊತ್ತಿಲ್ಲ. ನಲವತ್ತು ವರ್ಷ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದುಡಿದ ಆಸಾಮಿ. ಮಾತಾಡುವ ಕೆಲಸವನ್ನೆಲ್ಲ ಹೆಂಡತಿಗೆ ಬಿಟ್ಟಿದ್ದ. ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ದೊಡ್ಡ ಡಾಕ್ಟರು ಕೂಡ ಆಕೆಯ ವಾರ್ಡಿಗೆ ಕಾಲಿಡುವ ಮುಂಚೆ ಅಂಗಿಯ ಗುಂಡಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಅಂಥವಳ ಗಂಟಲಿಗೇ ಗೆಡ್ಡೆ ಬಂತು.

ಆಪರೇಷನ್ನಿಗೆ ಮುಂಚೆ ಇಪ್ಪತ್ತು ದಿನ ಪಟ್ಟು ಹಿಡಿದು ಕೂತು, ಹೊಸ ಲ್ಯಾಪ್‌ಟಾಪಿನಲ್ಲಿ ತನ್ನ ದನಿ ತುಂಬಿಸಿಟ್ಟಳು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆ ತೆಗೆದ ಮೇಲೆ ಆಕೆ ಟೈಪ್ ಮಾಡಿದ್ದನ್ನೆಲ್ಲ ಅದು ಆಕೆಯ ದನಿಯಲ್ಲೇ ಹೇಳುತ್ತಿತ್ತು. ದನಿಯ ಇನ್ನೊಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳಲು ಲ್ಯಾಪ್‌ಟಾಪಿನ ಕಂಪನಿ ತಿಂಗಳು ತಿಂಗಳು ಬಾಡಿಗೆ ಕೇಳಿತ್ತು. “ನನ್ನ ದನಿ ಇಡೋಕೆ ನಾನೇ ಬಾಡಿಗೆ ಕಟ್ಬೇಕಾ? ಹೋಗ್ಲಿ ಅತ್ಲಾಗೆ!” ಎಂದು ಆಕೆ ಲ್ಯಾಪ್‌ಟಾಪಿನ ಬಾಯಲ್ಲೇ ಅದರ ಒಡೆಯರನ್ನು ಬೈದಿದ್ದಳು. ಟೈಲರ್‌ಗೆ ಅವತ್ತು ನಗು ಬಂದಿತ್ತು.

ವಾರಂಟಿ ಮುಗಿದ ಹದಿನೇಳನೆಯ ದಿನ ಅದು ಕೈಕೊಟ್ಟಿತು. ಆನ್ ಮಾಡಿದರೆ ಎರಡು ನಿಮಿಷಕ್ಕೆ ಬಿಸಿಯಾಗಿ ಆರಿಹೋಗುತ್ತಿತ್ತು.

ಟೈಲರ್ ಹೆಂಡತಿಯ ಜೊತೆ ಸರ್ವಿಸ್ ಸೆಂಟರಿಗೆ ಹೋಗಿ ವಿಷಯ ಹೇಳಿದ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಒಳಗೆ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬಂದಳು.

“ಬೋರ್ಡ್ ಹೋಗಿದೆ ಸಾರ್. ಬದಲಾಯಿಸಿದ್ರೆ ಒಳಗಿರೋದೆಲ್ಲ ಹೋಗತ್ತೆ, ಆಂಟಿ ದನಿನೂ.”

“ದನಿ ಇರೋ ಭಾಗ ಬಿಚ್ಚಿ ಬೇರೆಯದಕ್ಕೆ ಹಾಕೋಕಾಗಲ್ವಾ?”

“ಬಿಚ್ಚೋ ಹಾಗೆ ಮಾಡೇ ಇಲ್ಲ ಸಾರ್. ತೆಳ್ಳಗೆ ಕಾಣ್ಲಿ ಅಂತ ಎಲ್ಲ ಸೇರಿಸಿ ಬೆಸುಗೆ ಹಾಕ್ಬಿಟ್ಟಿರ್ತಾರೆ.”

ಟೈಲರ್‌ಗೆ ಇದು ಅರ್ಥವಾಗಲಿಲ್ಲ. ಅವನು ಯಾವ ಅಂಗಿ ಹೊಲಿದರೂ ಒಳಗೆ ಒಂದು ಬೆರಳು ಬಟ್ಟೆ ಬಿಡುತ್ತಿದ್ದ, ಮುಂದೆ ಬಿಚ್ಚಿ ಸಡಿಲ ಮಾಡಲು ಇರಲಿ ಅಂತ.

ಹೆಂಡತಿ ನೋಟ್‌ಬುಕ್ಕಿನಲ್ಲಿ ಗೀಚಿ ಅವನ ಮುಂದೆ ತಳ್ಳಿದಳು. ‘ನಾಚಿಕೆ ಆಗಲ್ವಾ ಅಂತ ಕೇಳಿ.’

“ಬೇರೆ ಏನಾದ್ರೂ ದಾರಿ ಇದೆಯಾ ಅಂತ ಕೇಳ್ತಿದ್ದಾಳಮ್ಮ” ಎಂದ ಟೈಲರ್. ಹೆಂಡತಿ ಅವನ ಕಾಲು ತುಳಿದಳು.

“ರಿಪೇರಿಗೆ ಆಗೋ ದುಡ್ಡಿಗೆ ಇನ್ನೊಂಚೂರು ಹಾಕಿದ್ರೆ ಹೊಸದೇ ಬರತ್ತೆ ಸಾರ್.”

‘ಹಗಲು ದರೋಡೆ.’

“ಸ್ವಲ್ಪ ದುಬಾರಿ ಆಯ್ತೇನೋ ಅಂತಾಳೆ. ಹೋಗ್ಲಿ, ಆ ಬಾಡಿಗೆ ಈಗ್ಲೇ ಕಟ್ಬಿಟ್ರೆ?”

“ಪ್ರತಿ ಕಳಿಸೋಕೆ ಎರಡು ಗಂಟೆ ಆನ್ ಇರ್ಬೇಕು ಸಾರ್.” ಹುಡುಗಿ ಕೆಟ್ಟವಳೇನಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಇನ್ನೊಂದ್ಸಲ ಆನ್ ಆದ್ರೆ ಹೆಚ್ಚು. ಆಂಟಿ ಏನಾದ್ರೂ ಮಾತಾಡ್ಲಿ, ನೀವು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅಷ್ಟಾದ್ರೂ ಉಳಿಯತ್ತೆ.”

ಟೈಲರ್ ಫೋನು ಹೊರತೆಗೆದ. ಯಾವ ಗುಂಡಿ ಒತ್ತಬೇಕೆಂದು ಹುಡುಗಿ ತೋರಿಸಿಕೊಟ್ಟಳು. ‘ರೀ’ ಎಂದು ಒಂದು ಸಲ ಕರೆದರೆ ಸಾಕು ಎನಿಸಿತು ಅವನಿಗೆ.

ಲ್ಯಾಪ್‌ಟಾಪು ಬೆಳಗಿತು. ಆಕೆ ಕೀಲಿಗಳ ಮೇಲೆ ಬೆರಳಿಡುವುದಕ್ಕೂ ಒಳಗಿನಿಂದ ಮ್ಯಾನೇಜರ್ ಬರುವುದಕ್ಕೂ ಸರಿಹೋಯಿತು. “ಅಮ್ಮಾ, ವಾರಂಟಿ ಮುಗಿದ ಮೇಲೆ ನಮ್ಮ ಜವಾಬ್ದಾರಿ ಇರಲ್ಲ. ಬಳಸುವಾಗ ನೀವೇ ಜೋಪಾನ ಮಾಡ್ಬೇಕಿತ್ತು.”

ಹೆಂಡತಿಯ ಬೆರಳುಗಳು ಓಡಿದವು.

“ಜವಾಬ್ದಾರಿ ಇಲ್ಲ ಅಂತ ಹೇಳೋಕೆ ಸಂಬಳ ತಗೋತೀರೇನ್ರೀ? ನನ್ನ ವಾರ್ಡಲ್ಲಿ ಸೂಜಿ ಮುರಿದ್ರೆ ರೋಗಿದೇ ತಪ್ಪು ಅಂತ ಯಾವತ್ತೂ ಅಂದವಳಲ್ಲ ನಾನು. ಬಿಚ್ಚೋಕಾಗದ ಡಬ್ಬ ಮಾಡಿ ಮೂರು ಪಟ್ಟು ದುಡ್ಡಿಗೆ ಮಾರ್ತೀರಿ, ಕೆಟ್ರೆ ಬಿಸಾಕಿ ಅಂತೀರಿ. ನಿಮ್ಮ ಗಂಟಲು ಹೋದ್ರೂ ಹೀಗೇ ಬಿಸಾಕ್ತೀರಾ?”

ಸಾಲಿನಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ. ಟೈಲರ್‌ನ ಎದೆ ಉಬ್ಬಿತು. ಇದೇ, ಇವಳೇ! ಎಷ್ಟು ದಿನವಾಗಿತ್ತು ಇವಳು ಹೀಗೆ ಒಬ್ಬರ ನೀರಿಳಿಸಿದ್ದನ್ನು ಕೇಳಿ. ಅವನು ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತ.

“ಇಲ್ಲಿ ಕೂತಿರೋರೇ, ನೀವೂ ಕೇಳಿ, ನಾಳೆ ನಿಮಗೂ” ಎನ್ನುವಷ್ಟರಲ್ಲಿ ಪರದೆ ಆರಿತು. ಹುಡುಗಿ ಮತ್ತೆ ಮತ್ತೆ ಒತ್ತಿದಳು. ಅದು ಏಳಲಿಲ್ಲ.

ಹೆಂಡತಿ ಏದುಸಿರು ಬಿಡುತ್ತ ಇವನ ಕಡೆ ತಿರುಗಿ, ಫೋನಿನತ್ತ ಬೆರಳು ತೋರಿಸಿ ಹುಬ್ಬು ಹಾರಿಸಿದಳು. ಆಯ್ತಾ?

ಫೋನು ಅವನ ಕೈಯಲ್ಲೇ ಇತ್ತು. ಗುಂಡಿ ಒತ್ತಿರಲಿಲ್ಲ.

“ಕೇಳ್ತಾ ನಿಂತ್ಬಿಟ್ಟೆ ಕಣೇ” ಎಂದ.

ಬೈಯಬೇಕೆಂದು ಆಕೆ ಬಾಯಿ ತೆರೆದಳು. ತುಟಿಗಳು ಆಡಿದವು. ಟೈಲರ್ ಎಂದಿನಂತೆ ತಲೆ ತಗ್ಗಿಸಿ, ಬೈಗುಳಕ್ಕೆ ಕಾಯುತ್ತ ನಿಂತ.