ಮೇಸೋಟಿನ ಹೊಳೆ ದಂಡೆ

ಅಂಬಪ್ಪ ಮೂವತ್ತೊಂದು ವರ್ಷ ಲಿಂಗಸುಗೂರು ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದ. ಮಸ್ಕಿ, ಸಿಂಧನೂರು, ಬಳಗಾನೂರು ದಾರಿಯಲ್ಲಿ ಯಾರು ಎಲ್ಲಿ ಇಳಿಯುತ್ತಾರೆಂದು ಮುಖ ನೋಡಿಯೇ ಹೇಳುತ್ತಿದ್ದ. ಅಂಥವನು ಬ್ಯಾಂಕಾಕಿನ ದೊಡ್ಡ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಒಂದು ಬೋರ್ಡೂ ಓದಲು ಬರಲಿಲ್ಲ. ಕೈಯಲ್ಲೊಂದು ಚೀಟಿ ಇತ್ತು. ವಿಮಾನದಲ್ಲಿ ಪಕ್ಕದಲ್ಲಿ ಕೂತಿದ್ದ ಹೈದರಾಬಾದಿನ ವ್ಯಾಪಾರಿಯೊಬ್ಬ ಮೊಬೈಲ್ ನೋಡಿ ನೋಡಿ ಥಾಯ್ ಅಕ್ಷರದಲ್ಲಿ ಊರಿನ ಹೆಸರು ತಿದ್ದಿಕೊಟ್ಟಿದ್ದ. ಆ ಊರು ಮೇಸೋಟ್. ಬರ್ಮಾ ಗಡಿಗೆ ಅಂಟಿಕೊಂಡ ಊರು. ಮಗಳು ಅನುಪಮಾ ಕಡೆಯ ಸಲ ಮೆಸೇಜು ಕಳಿಸಿದ್ದು ಅಲ್ಲಿಂದ: 'ಅಪ್ಪಾ, ಮೇಸೋಟ್‌ನಾಗ ಇಳಿಸಿ ದೋಣಿ ಹತ್ತಿಸ್ಯಾರ. ಆಫೀಸ್ ಹೊಳಿ ಆಚೆ ಐತಂತ. ಯಾಕೋ ಹೆದರಿಕಿ ಬರಾಕತ್ತೈತಿ.'

ಅದಾಗಿ ನಲವತ್ತು ದಿನ. ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟು ಕಾದು ಕಾದು, ಕೊನೆಗೆ ತಾನೇ ಹೊರಟು ಬಂದಿದ್ದ.

ಅನುಪಮಾ ಬಿ.ಕಾಂ. ಮುಗಿಸಿ ಸಿಂಧನೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಬಿಲ್ಲು ಬರೆಯುತ್ತಿದ್ದಳು. ಬ್ಯಾಂಕಾಕಿನಲ್ಲಿ ಕಸ್ಟಮರ್ ಕೇರ್ ಕೆಲಸ ಅಂತ ಯಾರೋ ಏಜೆಂಟ್ ಫೋನಿನಲ್ಲೇ ಇಂಟರ್‌ವ್ಯೂ ಮಾಡಿದ್ದ. ಅವಳಿಗೆ ಅನುಮಾನವಿತ್ತು. "ಬ್ಯಾಡನಸ್ತೈತಪ್ಪಾ" ಅಂದಿದ್ದಳು. ಅಂಬಪ್ಪನೇ, "ಹೆದ್ರಿದ್ರ ಹೆಂಗವ್ವಾ? ನಮ್ಮಪ್ಪ ಮಸ್ಕಿ ದಾಟಲಿಲ್ಲ, ನಾ ಡಿವಿಜನ್ ದಾಟಲಿಲ್ಲ. ನೀನರ ದಾಟು. ಅದು ಬುದ್ಧನ ದೇಶ, ಏನೂ ಆಗೂದಿಲ್ಲ" ಅಂದಿದ್ದ. ಹೈದರಾಬಾದ್ ಬಸ್ಸಿಗೆ ತಾನೇ ಹತ್ತಿಸಿ, ಕಂಡಕ್ಟರನಿಗೆ "ನನ್ನ ಮಗಳು, ನೋಡ್ಕೋರಿ" ಅಂತ ಹೇಳಿ ಇಳಿದಿದ್ದ.

ಮೇಸೋಟ್ ಬಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಕಿಟಕಿ ಸೀಟು. ಎಂಟು ತಾಸಿನ ದಾರಿ. ಮೊದಲೆಲ್ಲ ನಮ್ಮ ಕಾಲುವೆ ಕಡೆಯಂಥದೇ ಭತ್ತದ ಗದ್ದೆ. ಆಮೇಲೆ ಗುಡ್ಡ, ಘಾಟಿನ ತಿರುವು. ದಾರಿಯಲ್ಲಿ ಎರಡು ಕಡೆ ಸೈನಿಕರು ಹತ್ತಿ ಪಾಸ್‌ಪೋರ್ಟ್ ನೋಡಿದರು. ಇಷ್ಟೊಂದು ತಪಾಸಣೆ ಇರುವ ದಾರಿಯಲ್ಲಿ ತನ್ನ ಮಗಳನ್ನು ಹೇಗೆ ಸಾಗಿಸಿದರೆಂದು ಅವನಿಗೆ ಅರ್ಥವಾಗಲಿಲ್ಲ. ಮಗಳ ಫೋಟೊ ತೋರಿಸಿದ. ಸೈನಿಕ ಪಾಸ್‌ಪೋರ್ಟಿನೊಂದಿಗೆ ಫೋಟೊವನ್ನೂ ವಾಪಸ್ ಕೊಟ್ಟು ಮುಂದಿನ ಸೀಟಿಗೆ ಹೋದ.

ಮೇಸೋಟಿನಲ್ಲಿ ಊರೊಳಗೆ ಓಡಾಡುವುದು ಹಿಂಬದಿ ತೆರೆದ ಸಣ್ಣ ಗಾಡಿಗಳಲ್ಲಿ. ನಮ್ಮ ಟಂಟಂ ಹಾಗೆ ಎದುರುಬದುರು ಎರಡು ಹಲಗೆ, ಇಳಿಯಬೇಕಾದರೆ ಮೇಲಿನ ಗುಂಡಿ ಒತ್ತಬೇಕು. ಮೊದಲ ದಿನ ಅದು ಗೊತ್ತಿಲ್ಲದೆ ಅಂಬಪ್ಪ ಬಜಾರು ದಾಟಿ ಎಲ್ಲಿಗೋ ಹೋಗಿ, ಅದೇ ಗಾಡಿಯಲ್ಲಿ ತಿರುಗಿ ಬಂದ. ಜನ ನಕ್ಕರು, ಕೆಟ್ಟ ನಗೆಯಲ್ಲ. ಅವನು ಜೇಬಿನಿಂದ ಮಗಳ ಫೋಟೊ ತೆಗೆದು ತೋರಿಸಿದ ಕೂಡಲೇ ನಗು ನಿಂತಿತು. ಆ ಊರಿಗೆ ಫೋಟೊ ಹಿಡಿದು ಬರುವವರು ಹೊಸಬರಲ್ಲ.

ಮಸೀದಿ ಓಣಿಯಲ್ಲಿ ರೊಟ್ಟಿ ಸುಡುತ್ತಿದ್ದ ಉಸ್ಮಾನ್‌ಸಾಬ್‌ಗೆ ಉರ್ದು ಬರುತ್ತಿತ್ತು; ಅಂಬಪ್ಪನೂ ಬಸ್ಸಿನಲ್ಲಿ ಕಲಿತಿದ್ದ. ಅವನ ಅಜ್ಜ ಹಿಂದೂಸ್ತಾನದಿಂದ ಬರ್ಮಾಕ್ಕೆ ಹೋದವನಂತೆ. ಮೂರು ದಿನದ ಮೇಲೆ ಒಬ್ಬರ ಜತೆ ಮಾತಾಡಲು ಸಿಕ್ಕಿದ್ದಕ್ಕೆ ಅಂಬಪ್ಪನ ಕಣ್ಣು ತುಂಬಿತು. ಉಸ್ಮಾನ್‌ಸಾಬ್ ಅಂಗಡಿ ಹೆಂಡತಿಗೆ ಬಿಟ್ಟು, ಅವನನ್ನು ಪೊಲೀಸ್ ಠಾಣೆಗೆ, ವಲಸೆ ಕಚೇರಿಗೆ ಕರೆದುಕೊಂಡು ಹೋದ. ಕಚೇರಿಯ ಹೆಣ್ಣುಮಗಳು ಹೊಳೆಯಾಚೆ ಜನರನ್ನು ಕೂಡಿಹಾಕಿ ಫೋನಿನಲ್ಲಿ ಮೋಸದ ಕೆಲಸ ಮಾಡಿಸುವ ಕಂಪನಿಗಳಿಂದ ಬಿಡಿಸಿಕೊಂಡು ಬಂದವರ ಪಟ್ಟಿಯನ್ನು ಬೆರಳಿಟ್ಟು ಎರಡೆರಡು ಸಲ ನೋಡಿದಳು. ಅನುಪಮಾ ಹೆಸರಿರಲಿಲ್ಲ. ಹೊಳೆಯ ಆಚೆ ಬರ್ಮಾ, ಅಲ್ಲಿ ತಮ್ಮ ಕಾನೂನು ನಡೆಯುವುದಿಲ್ಲ ಎಂದಳು.

ಮರುದಿನ ಉಸ್ಮಾನ್‌ಸಾಬ್ ಅವನನ್ನು ಹೊಳೆಗೆ ಕರೆದೊಯ್ದ. ಹೊಳೆ ಅಂದರೆ ದಢೇಸುಗೂರಿನ ಕಾಲುವೆಗಿಂತ ಸ್ವಲ್ಪ ಅಗಲ, ಅಷ್ಟೇ. ಆಚೆ ದಂಡೆಯಲ್ಲಿ ಹೊಸ ಹೊಸ ಕಟ್ಟಡ, ಎತ್ತರದ ಗೋಡೆ, ಮೇಲೆ ಮುಳ್ಳುತಂತಿ. ಒಂದು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದ್ದರು. ಅದರಲ್ಲಿ ಒಂದು ಹಳದಿ ಚೂಡಿದಾರ ಕಂಡಂತಾಗಿ ಅಂಬಪ್ಪ ಸರಸರ ನೀರಿಗೆ ಇಳಿದ. ಉಸ್ಮಾನ್‌ಸಾಬ್ ರಟ್ಟೆ ಹಿಡಿದು ಎಳೆದ. ಅಲ್ಲಿಂದ ಗುಂಡು ಹಾರಿಸುತ್ತಾರೆ, ಸತ್ತವನಿಂದ ಮಗಳಿಗೇನು ಉಪಯೋಗ ಎಂದು ಬೈದ.

ಅಂದಿನಿಂದ ಅಂಬಪ್ಪ ದಿನಾ ಬೆಳಿಗ್ಗೆ ಟಂಟಂ ಹಿಡಿದು ಹೊಳೆಗೆ ಬಂದು ಕೂಡುತ್ತಿದ್ದ. ಬಿಸಿಲೇರಿದರೆ ಹತ್ತಿರದ ವಿಹಾರಕ್ಕೆ ಹೋಗುತ್ತಿದ್ದ. ಮಸ್ಕಿಯ ಮನೆಯಲ್ಲಿ ಬುದ್ಧನ ಫೋಟೊ ಮುಂದೆ ಮನೆಮಂದಿಯೆಲ್ಲ ದಿನಾ ಹೇಳುವ 'ಬುದ್ಧಂ ಸರಣಂ ಗಚ್ಛಾಮಿ' ಎಂಬ ತ್ರಿಶರಣವನ್ನು ಅಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿದ. ಕಸ ಗುಡಿಸುತ್ತಿದ್ದ ಮುದಿ ಭಿಕ್ಖು ಪೊರಕೆ ಬಿಟ್ಟು ಬಂದು ತಾನೂ ದನಿಗೂಡಿಸಿದ. ಉಚ್ಚಾರ ಬೇರೆ, ಮಾತು ಅದೇ. ಮೂರು ಸಲ ಹೇಳಿ ಮುಗಿದ ಮೇಲೆ ಅಂಬಪ್ಪ ಫೋಟೊ ಮುಂದೆ ಹಿಡಿದು, "ಮಗಳ್ರೀ... ನನ್ನ ಮಗಳು" ಅಂದ. ಭಿಕ್ಖು ಅವಳಿಗೆ ಮದುವೆಯೋ ಪರೀಕ್ಷೆಯೋ ಇರಬೇಕೆಂದುಕೊಂಡು ನಗುನಗುತ್ತಾ ಹರಸಿದ. ಅಂಬಪ್ಪ ಕೈಮುಗಿದು ಎದ್ದು ಬಂದ.

ಒಂಬತ್ತನೇ ದಿನ, ಹೊಳೆ ದಂಡೆಯಲ್ಲಿ ಕೂತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು.

"ಅಪ್ಪಾ, ನಾ ಆರಾಮದೀನಿ. ಪೊಲೀಸ್ರಿಗಿ ಕೊಟ್ಟಿದ್ದ ಕಂಪ್ಲೇಂಟ್ ವಾಪಸ್ ತಗೋ."

ಓದಿ ಹೇಳಿದ ಹಾಗಿತ್ತು. ಪಕ್ಕದಲ್ಲಿ ಯಾವನದೋ ದನಿ.

"ಅನೂ, ನಾ ಇಲ್ಲೇ ಅದೀನವ್ವಾ. ಮೇಸೋಟ್‌ನಾಗ. ಹೊಳಿ ದಂಡಿಗಿ ಕುಂತೀನಿ. ಯಾವ ಬಿಲ್ಡಿಂಗ್ ಹೇಳು, ಕಿಡಕ್ಯಾಗ ಕೈ ತೋರ್ಸು."



"ಯಾಕ ಬಂದಿ ಅಪ್ಪಾ ನೀ?" ಅವಳ ದನಿ ಈಗ ಅವಳದೇ ಆಗಿತ್ತು. "ನಾ ಅಲ್ಲಿಲ್ಲ. ಹೋದ ವಾರ ಲಾರ್ಯಾಗ ಹಾಕ್ಕೊಂಡು ಬ್ಯಾರೆದವ್ರಿಗೆ ಮಾರ್‍ಯಾರ. ಎರಡು ದಿನ ಹೊಂಟಿದ್ವಿ. ಇದು ಯಾವೂರಂತ ನನಗೂ ಗೊತ್ತಿಲ್ಲ. ಅವ್ವಗ..."

ಫೋನು ಕಟ್ಟಾಯಿತು. ತಿರುಗಿ ಹಚ್ಚಿದ. ಕತ್ತಲಾಗುವ ತನಕ ಹಚ್ಚಿದ. ಹತ್ತಲಿಲ್ಲ.

ಅಂಬಪ್ಪ ಮೂರು ದಿನ ಬಿಟ್ಟು ಊರಿಗೆ ಹೊರಟ. ಉಸ್ಮಾನ್‌ಸಾಬ್ ಬಸ್ಸಿನ ತನಕ ಬಂದ, ರೊಟ್ಟಿ ಕಟ್ಟಿಕೊಟ್ಟ.

ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಗ್ಯಾನಮ್ಮ ಕಾಯುತ್ತಿದ್ದಳು. ಅವನ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ಬಸ್ಸಿನ ಬಾಗಿಲು ಮುಚ್ಚುವ ತನಕ ನೋಡಿದಳು.

"ಫೋನಿನ್ಯಾಗ ಏನಂದ್ಲು? ಪೂರಾ ಹೇಳ್ರಿ" ಅಂದಳು.

ಅವನು ಪೂರಾ ಹೇಳಿದ, ಮಾರಿದ್ದನ್ನೂ ಮುಚ್ಚಿಡಲಿಲ್ಲ. ಗ್ಯಾನಮ್ಮ ಅಳಲಿಲ್ಲ. "ನೀವ ಕಳಿಸಿದ್ರಿ" ಅಂದಳು. ಅಷ್ಟು ಅಂದು ಅವನ ಚೀಲ ತಾನೇ ಹೊತ್ತುಕೊಂಡಳು.

ಇಬ್ಬರೂ ಮನೆಗೆ ಹೋಗದೆ ಸೀದಾ ಕಂಪ್ಲೇಂಟ್ ಕೊಟ್ಟಿದ್ದ ಪೊಲೀಸ್ ಠಾಣೆಗೆ ಹೋದರು. ರೈಟರ್ ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿ, ನೀರು ತರಿಸಿ, ಹೊಸ ಹೇಳಿಕೆ ಬರೆದುಕೊಳ್ಳಲು ಕೂತ. ಹೆಸರು, ವಯಸ್ಸು ಬರೆದ. ಆಮೇಲೆ ತಲೆಯೆತ್ತಿ, "ಈಗ ಆಕಿ ಇರೂ ಊರು ಯಾವ್ದಂತ ಬರೀಲಿ ಅಂಬಪ್ಪ?" ಎಂದು ಕೇಳಿದ.

ಅಂಬಪ್ಪ ಮೇಸೋಟ್ ಎಂದು ಥಾಯ್ ಅಕ್ಷರದಲ್ಲಿ ಬರೆದ ಚೀಟಿ ತೆಗೆದು ನೋಡಿ, ಮತ್ತೆ ಜೇಬಿಗೆ ಇಟ್ಟುಕೊಂಡ. ಗ್ಯಾನಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ರೈಟರ್ ಊರಿನ ಜಾಗ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದ.