ಕಾಲು ಕಟ್ಟಿದ ಓಟ

ಎದುರಾಳಿಯ ಕಾಲು ಕಟ್ಟಿ ಓಟಕ್ಕೆ ಬಿಟ್ಟರೆ ಗೆಲ್ಲುವುದೇನು ಮಹಾ? ಆ ಬೆಳಿಗ್ಗೆ ಸಂಶೋಧಕಿಗೆ ನೆತ್ತಿಗೇರಿದ ಸಿಟ್ಟಿಗೆ ಇದೇ ಕಾರಣ. ಕ್ವಾಂಟಮ್ ಕಂಪ್ಯೂಟರ್ ಎಂಬ ಹೊಸ ಬಗೆಯ ಯಂತ್ರ ಲೆಕ್ಕ ಬಿಡಿಸಬೇಕಾದ ವಿಧಾನಗಳನ್ನು ಬರೆಯುವುದು ಅವಳ ಕೆಲಸ. ಆಂಬುಲೆನ್ಸ್‌ಗೆ ಹತ್ತಿರದ ದಾರಿ ಹುಡುಕುವುದರಲ್ಲಿ ತಮ್ಮ ಯಂತ್ರದ ಮುಂದೆ ಸಾಮಾನ್ಯ ಕಂಪ್ಯೂಟರ್ ಏನೇನೂ ಅಲ್ಲ ಎಂದು ತೋರಿಸಲು ಅವಳ ಪ್ರಯೋಗಾಲಯದ ನಿರ್ದೇಶಕರು ಆಸ್ಪತ್ರೆಯ ಮುಖ್ಯಸ್ಥೆಯನ್ನು ಕರೆಸಿದ್ದರು. ಆಕೆ ಒಪ್ಪಿದರೆ ಆಸ್ಪತ್ರೆಯವರಿಗೆ ದಾರಿ ತೋರಿಸುವ ಹಳೆಯ ಪ್ರೋಗ್ರಾಂ ಬಂದ್. ಅದನ್ನೇ ನೆಚ್ಚಿಕೊಂಡು ಆಂಬುಲೆನ್ಸ್ ಓಡಿಸುವವರಲ್ಲಿ ಅವಳ ಒಡಹುಟ್ಟಿದ ತಮ್ಮನೂ ಒಬ್ಬ.

ಪೈಪೋಟಿಗೆಂದು ಸಾಮಾನ್ಯ ಕಂಪ್ಯೂಟರಿಗೆ ಕೊಟ್ಟಿದ್ದ ವಿಧಾನ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಊರಿಡೀ ಸುತ್ತಿ ಬರುವ ದಾರಿಯನ್ನೂ ಬಿಡದೆ ಒಂದೊಂದಾಗಿ ತಡಕುವ ಪೆದ್ದು ವಿಧಾನ ಅದು.

"ಸರ್, ಹೀಗೆ ಯಾರೂ ಹುಡುಕಲ್ಲ. ಆಸ್ಪತ್ರೆಯವರ ಪ್ರೋಗ್ರಾಂ ಇದಲ್ಲವೇ ಅಲ್ಲ."

"ಅತಿಥಿಗಳು ಬರೋ ಹೊತ್ತಲ್ಲಿ ತಕರಾರು ತೆಗೀಬೇಡಮ್ಮ. ಇವತ್ತಲ್ಲ ನಾಳೆ ನಮ್ಮ ಯಂತ್ರ ಗೆಲ್ಲುತ್ತಲ್ಲ?"

"ಹೊಸ ಔಷಧಿಗಳ ಅಣು ಲೆಕ್ಕ ಹಾಕೋದ್ರಲ್ಲಿ ಗೆಲ್ಲಬಹುದು. ಗೆದ್ದ ದಿನ ಹೇಳೋಣ."

ನಿರ್ದೇಶಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖ್ಯಸ್ಥೆ ಬಂದರು. ಚಾಲಕರ ಪರವಾಗಿ ಬಂದಿದ್ದ ತಮ್ಮ, ಅಕ್ಕನ ಯಂತ್ರವೆಂದು ಹಿರಿಹಿರಿ ಹಿಗ್ಗುತ್ತ ಮುಂದಿನ ಕುರ್ಚಿಯಲ್ಲೇ ಕುಳಿತ. ಊರಾಚೆಯ ಒಂದು ಮನೆಗೆ ದಾರಿ ಹುಡುಕಬೇಕಿತ್ತು. ಯಂತ್ರ ಒಂದಿಷ್ಟು ಹೊತ್ತು ತೆಗೆದುಕೊಂಡು ಉತ್ತರ ಕೊಟ್ಟಿತು. ಪಕ್ಕದಲ್ಲಿ ಸಾಮಾನ್ಯ ಕಂಪ್ಯೂಟರಿನ ಪರದೆ ಇನ್ನೂ ತಡಕಾಡುತ್ತಲೇ ಇತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ತಮ್ಮನೇ. ಅದು ತನ್ನ ಕೆನ್ನೆಗೇ ಬಿದ್ದಂತಾಯಿತು ಅವಳಿಗೆ.

ದಡಕ್ಕನೆ ಎದ್ದಳು. "ನಿನ್ನ ಫೋನ್ ತೆಗಿಯೋ. ನಿಮ್ಮ ಆಸ್ಪತ್ರೆ ಪ್ರೋಗ್ರಾಂಗೆ ಇದೇ ವಿಳಾಸ ಹಾಕು."

ಹಾಕಿ ಬೆರಳು ತೆಗೆಯುವಷ್ಟರಲ್ಲಿ ದಾರಿ ಬಂತು, ಯಂತ್ರ ತೋರಿಸಿದ್ದೇ ದಾರಿ.

"ಬಂತಲ್ಲ ಅಕ್ಕ. ದಿನಾ ಹೀಗೇ ಬರುತ್ತೆ. ಅದರಲ್ಲೇನು?"

"ಅದನ್ನೇ ಕಿತ್ತುಹಾಕ್ತಾರೆ ಕಣೋ! ನೀನು ಚಪ್ಪಾಳೆ ತಟ್ಟಿದ್ದು ಅದಕ್ಕೇ!"

ತಮ್ಮನ ಮುಖ ಸಪ್ಪಗಾಯಿತು. ಮುಖ್ಯಸ್ಥೆ ಫೋನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. "ನಮಗೆ ಹಳೇದೇ ಇರಲಿ" ಎಂದು ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟರು.

"ನಾಳೆಯಿಂದ ನೀನು ಬರೋದು ಬೇಡ" ಎಂದರು ನಿರ್ದೇಶಕರು, ಹಲ್ಲು ಕಚ್ಚಿಕೊಂಡು. "ನಮ್ಮ ಯಂತ್ರದ ಮಾನ ಕಳೆದೆ."

"ಆ ಯಂತ್ರಕ್ಕೆ ಹಗಲಿರುಳು ಜೀವ ತೇದವಳು ನಾನು ಸರ್. ಅದು ಸುಳ್ಳು ಹೇಳಲಿಲ್ಲ, ಅದರ ಹೆಸರಲ್ಲಿ ನೀವು ಹೇಳಿದ್ರಿ!"

ಹೇಳಿದವಳೇ ಬಾಗಿಲ ಕಡೆ ತಿರುಗಿದಳು. ತಮ್ಮ ಅವಳ ಚೀಲ ತಾನೇ ಹೆಗಲಿಗೇರಿಸಿಕೊಂಡ.