ಸುಮ್ಮನಿರುವ ತರಬೇತಿ

ನಾನು ಬಾಯಿ ತೆರೆದರೆ ಚರ್ಚಿನ ಗಂಟೆಯೂ ಸರದಿಗೆ ಕಾಯಬೇಕಿತ್ತು. ಅಂಥವಳನ್ನು ಹಿಡಿದು ಸುಮ್ಮನಿರುವ ತರಬೇತಿಗೆ ಕೂರಿಸಿದರು.

ನಮ್ಮ ಯಜಮಾನರು ತೀರಿಕೊಂಡ ಮೇಲೆ, ಅವರು ನಡೆಸುತ್ತಿದ್ದ ದೊಡ್ಡವರ ಬೈಬಲ್ ಗುಂಪಿಗೆ ಮಾರ್ಗದರ್ಶಿ ಇರಲಿಲ್ಲ. ಮಾರ್ಗದರ್ಶಿಯಾಗುವ ಪರೀಕ್ಷೆಯಲ್ಲಿ ನಾನು ಪಾಸಾದರೆ ಗುಂಪು ಉಳಿಯುತ್ತದೆ. ಇಲ್ಲವಾದರೆ ಅದನ್ನು ಮುಚ್ಚಿ, ಇರುವವರನ್ನು ಬೇರೆ ಗುಂಪುಗಳಿಗೆ ಹಂಚುತ್ತಾರೆ. ಅವರದು ಅಂತ ಉಳಿದದ್ದು ಅದೊಂದೇ. ಹೆದರಿಕೆಯಾಗಬೇಕಿತ್ತು. ಆದರೆ ಅವರು ಹೋದಾಗಿನಿಂದ ನನ್ನೊಳಗೆಲ್ಲ ಮರಗಟ್ಟಿತ್ತು. ಕೆಂಡ ನುಂಗಿಸಿದ್ದರೂ ಸಪ್ಪೆ ಎನ್ನುತ್ತಿದ್ದೆ.

ತರಬೇತಿ ಕೊಡುವ ಟೀಚರಮ್ಮನಿಗೆ ನನ್ನ ಮೊಮ್ಮಗಳ ವಯಸ್ಸು.

"ಅಜ್ಜೀ, ಪ್ರಶ್ನೆ ಕೇಳಿದ್ಮೇಲೆ ಯಾರಾದ್ರೂ ಮಾತಾಡೋವರೆಗೂ ಸುಮ್ನಿರಬೇಕು. ನಿಮ್ಮ ಕಥೆ ಹೇಳೋ ಹಾಗಿಲ್ಲ. ನಿಮ್ಮನ್ನೇ ಕೇಳಿದ್ರೆ, ಪ್ರಶ್ನೆನ ಬೇರೆಯವರಿಗೆ ದಾಟಿಸಿಬಿಡಿ."

"ಉಸಿರಾಡಬಹುದಾ ತಾಯೀ?"

ಪರೀಕ್ಷೆಯ ದಿನ ನಮ್ಮ ಗುಂಪಿನವರೇ, ಬಟ್ಟೆ ಹೊಲಿಯುವ ಟೈಲರ್, ಆಸ್ಪತ್ರೆಯ ನರ್ಸಮ್ಮ ಎಲ್ಲರೂ, ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತರು. ಸತ್ತ ತಮ್ಮನಿಗಾಗಿ ಅಕ್ಕಂದಿರು ಅಳುವ ಭಾಗ ಓದಿದ್ದಾಯಿತು.

"ನೀವು ಆ ಜಾಗದಲ್ಲಿದ್ದಿದ್ರೆ ಏನನ್ನಿಸ್ತಿತ್ತು?" ಎಂದೆ.

ಯಾರೂ ಉಸಿರೆತ್ತಲಿಲ್ಲ. ಒಂದು ಯುಗವೇ ಕಳೆಯಿತು. ಮೊದಲಾಗಿದ್ದರೆ ಅಷ್ಟರಲ್ಲಿ ನಾನು ನಾಲ್ಕು ಮದುವೆಯ ಸುದ್ದಿ ಹೇಳಿ ಮುಗಿಸುತ್ತಿದ್ದೆ. ಈಗ ಹೇಳಲು ಏನೂ ಇರಲಿಲ್ಲ. ಅದನ್ನೇ ಜಾಣತನ ಅಂದುಕೊಂಡು ಟೀಚರಮ್ಮ ಹಿಗ್ಗಿ ತಲೆಯಾಡಿಸುತ್ತಿದ್ದಳು.

ಕೊನೆಗೆ ಟೈಲರ್ ಗಂಟಲು ಸರಿಮಾಡಿಕೊಂಡ. "ನಮ್ಮಣ್ಣ ಸತ್ತಾಗ ನಂಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ. ನಿಮಗೆ ಹೇಗಾಯ್ತಕ್ಕಾ, ಯಜಮಾನ್ರು ಹೋದಾಗ?"

ದಾಟಿಸಿ ಎಂದು ಟೀಚರಮ್ಮ ಕೈಸನ್ನೆ ಮಾಡಿದಳು. ನರ್ಸಮ್ಮನ ಕಡೆ ತಿರುಗಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

"ಏನೂ ಆಗಲಿಲ್ಲಪ್ಪ," ಎಂದೆ. "ಇವತ್ತಿಗೂ ಏನೂ ಆಗ್ತಿಲ್ಲ."

"ಮಣ್ಣಿಗೆ ಬಂದೋರನ್ನೆಲ್ಲ ನಗಿಸ್ತಾ ಇದ್ರಲ್ಲಕ್ಕಾ!" ಎಂದಳು ನರ್ಸಮ್ಮ.

"ಬಾಯಿ ಅದರ ಪಾಡಿಗೆ ಓಡ್ತಿತ್ತು ಕಣೇ. ನಾನಿರಲಿಲ್ಲ."

ಟೀಚರಮ್ಮ ಪೆನ್ನು ಮುಚ್ಚಿದಳು. "ಎಷ್ಟು ಚೆನ್ನಾಗಿ ಹೋಗ್ತಿತ್ತು ಅಜ್ಜೀ! ಈಗ ಹೇಗೆ ಪಾಸ್ ಮಾಡ್ಲಿ?"

"ಮಾಡ್ಬೇಡಿ," ಎಂದ ಟೈಲರ್. "ಇನ್ನೊಂದ್ಸಲ ಕಲೀಲಿ. ಕಲಿಯೋಕೆ ಎದುರಿಗೆ ಒಂದು ಗುಂಪು ಬೇಕಲ್ವಾ? ನಾವೇ ಕೂತ್ಕೋತೀವಿ. ಅಲ್ಲೀವರೆಗೂ ನಮ್ಮನ್ನ ಹಂಚ್ಬೇಡಿ."

"ಮತ್ತೆ ಫೇಲಾದ್ರೆ?"

"ಆಗ್ಲಿ ಬಿಡಿ. ನಮಗೇನು ಆತುರ?"

ಟೀಚರಮ್ಮ ತುಟಿ ಕಚ್ಚಿ ನಗು ತಡೆದುಕೊಂಡು, ಬರುವ ವಾರ ಅದೇ ಹೊತ್ತಿಗೆ ಬನ್ನಿ ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬರುತ್ತೇನೆ ಎಂದೆ.